ಸಾಹೇಬರಿಗೊಂದು ತೂಕ, ಗಿರಾಕಿಗೊಂದು ತೂಕ!
ಡೀಸೆಲ್ ಹೊಗೆಯ ಮೋಸ: ಗಾಡಿ ಮಾಲೀಕನ ಪಾಲಿಗೆ ಬಂದದ್ದೇನು?

ಮುಂಡಗೋಡ: ಕಿರಾಣಿ ಅಂಗಡಿಯವನೊಬ್ಬ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಂಡಿದ್ದಾನೆ ಅಂತ ತಿಳಿಯಿರಿ. ತೂಕ-ಅಳತೆ ಇಲಾಖೆ ಸಾಹೇಬರು ಬಂದಾಗ ಸೀಲು ಹೊಡೆದ ಸರಿಯಾದ ಕಲ್ಲು. ಅವರ ಜೀಪು ತಿರುವು ದಾಟಿದ ಕೂಡಲೇ ಗಿರಾಕಿಗೆ ಒಂಬೈನೂರು ಗ್ರಾಮಿನ ಕಲ್ಲು. ಸಿಕ್ಕಿಬಿದ್ದರೆ ಏನಾಗುತ್ತದೆಂದು ಪೇಟೆಯ ಯಾವ ವ್ಯಾಪಾರಿಗೂ ಹೇಳಿಕೊಡಬೇಕಿಲ್ಲ. ಕಲ್ಲು ಜಪ್ತಿ, ಕೈಗೆ ದಂಡದ ರಸೀತಿ, ಮೇಲೆ ಊರೊಳಗೆ ಮಾನ ಹರಾಜು.

ಇದೇ ಕೆಲಸವನ್ನು ದೊಡ್ಡ ದೊಡ್ಡ ಮೋಟಾರು ಕಂಪನಿಗಳು ಮಾಡಿದರೆ? ತೂಕದ ಕಲ್ಲಿನ ಬದಲು ಎಂಜಿನ್, ಸಾಹೇಬರ ಬದಲು ಪರೀಕ್ಷಾ ಕೇಂದ್ರ, ಗಿರಾಕಿಯ ಬದಲು ಸಾಲ ಮಾಡಿ ಗಾಡಿ ಕೊಂಡ ಬಡಪಾಯಿ. ಹೊಗೆ ಕುಡಿಯುವವರು ಮಾತ್ರ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದು ನಿಂತ ಮಂದಿ. ಇದು ಕಟ್ಟುಕಥೆಯಲ್ಲ. 2013ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ಈ ಬಗೆಯ ಪ್ರಕರಣ ನಮ್ಮ ದೇಶದಲ್ಲೇ ಎದ್ದು ಕೂತಿತು.

ಮೊದಲು ತವೇರಾ

2015ರ ಗದ್ದಲ ಬಹಳ ಜನಕ್ಕೆ ನೆನಪಿದೆ. ಅದಕ್ಕೂ ಎರಡು ವರ್ಷ ಮೊದಲಿನ ತವೇರಾ ಪ್ರಕರಣ ಮರೆತೇಹೋಗಿದೆ. ಮರೆಯುವಂಥದ್ದಲ್ಲ. ಯಾಕೆಂದರೆ ತವೇರಾ ಸಿರಿವಂತರ ಷೋಕಿ ಗಾಡಿ ಆಗಿರಲಿಲ್ಲ. ಮದುವೆ ದಿಬ್ಬಣಕ್ಕೆ, ದವಾಖಾನೆಗೆ, ದೇವರ ದರ್ಶನಕ್ಕೆ ಹೋಗುವ ಬಾಡಿಗೆ ಗಾಡಿ. ಒಂದು ಮನೆಯ ಮಂದಿಯೆಲ್ಲ ಒಟ್ಟಿಗೆ ಹತ್ತಿ ಕೂರಬಹುದಾದ ಡೀಸೆಲ್ ವಾಹನ. ಗಾಡಿ ಓಡಿಸಿ ಕಂತು ಕಟ್ಟುವವರು ಅದನ್ನು ನಂಬಿದ್ದರು.

2013ರ ಜುಲೈನಲ್ಲಿ ಜನರಲ್ ಮೋಟಾರ್ಸ್ ಇಂಡಿಯಾ ಕಂಪನಿ 2005ರಿಂದ 2013ರವರೆಗೆ ತಯಾರಾದ ಸುಮಾರು 1,14,000 ತವೇರಾ ಗಾಡಿಗಳನ್ನು ವಾಪಸು ಕರೆಯಿತು. ಕಾರಣ ಕೇಳಿದರೆ ಯಾರಿಗಾದರೂ ತಲೆ ತಿರುಗಬೇಕು. ಕಾರ್ಖಾನೆಯಿಂದ ಹೊರಬೀಳುವ ಗಾಡಿಗಳನ್ನು ಸರಕಾರದ ಪರೀಕ್ಷೆಗೆ ಆಗಾಗ ಕೊಡಬೇಕು. ಕಂಪನಿಯೊಳಗಿನ ಕೆಲವರು ಕಡಿಮೆ ಹೊಗೆ ಬಿಡುವ ಎಂಜಿನ್‌ಗಳನ್ನು ಮೊದಲೇ ಆರಿಸಿ, ಪರೀಕ್ಷೆಗೆ ಹೋಗುವ ಗಾಡಿಗಳಿಗೆ ಅವನ್ನೇ ಕೂರಿಸಿ ಕಳಿಸುತ್ತಿದ್ದರು. ಗಾಡಿಯ ತೂಕದ ಲೆಕ್ಕದಲ್ಲೂ ಕೈಚಳಕ ನಡೆದಿತ್ತು. ಸಾಹೇಬರಿಗೊಂದು ಕಲ್ಲು, ಗಿರಾಕಿಗೊಂದು ಕಲ್ಲು!

ಕಂಪನಿ ತಪ್ಪನ್ನು ತಾನೇ ಸರಕಾರಕ್ಕೆ ತಿಳಿಸಿತು, ಹಲವು ನೌಕರರನ್ನು ಮನೆಗೆ ಕಳಿಸಿತು. ಸರಕಾರ ನೇಮಿಸಿದ ತನಿಖಾ ಸಮಿತಿ ಇದನ್ನು ಕಂಪನಿಯ ವಂಚನೆ ಎಂದೇ ಕರೆಯಿತು. ಗಾಡಿಯವರಿಗೆ ಸಿಕ್ಕ ಮಾತು ಇಷ್ಟೇ: ಇದು ಜೀವಕ್ಕೆ ಅಪಾಯದ ದೋಷವಲ್ಲ, ಪುಕ್ಕಟೆ ಸರಿಮಾಡಿ ಕೊಡುತ್ತೇವೆ. ಮುಂದೆ 2017ರಲ್ಲಿ ಆ ಕಂಪನಿ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಗಾಡಿ ಮಾತ್ರ ಮಾಲೀಕನ ಅಂಗಳದಲ್ಲೇ ಉಳಿಯಿತು.

ಸ್ಟೇರಿಂಗ್ ತಿರುಗದಿದ್ದರೆ ಪರೀಕ್ಷೆ!

ಎರಡನೆಯ ಪ್ರಕರಣ ಜಗತ್ತೇ ಬೆಚ್ಚಿಬಿದ್ದದ್ದು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟೀಸು ಕೊಟ್ಟಿತು. ಅದರ ಡೀಸೆಲ್ ಕಾರುಗಳು ರಸ್ತೆ ಮೇಲೆ ಕಾನೂನಿನ ಮಿತಿಗಿಂತ 40 ಪಟ್ಟುವರೆಗೆ ನೈಟ್ರೋಜನ್ ಆಕ್ಸೈಡ್ ಉಗುಳುತ್ತವೆ ಎಂಬುದು ಆರೋಪ. ನಾಲ್ಕೇ ದಿನದಲ್ಲಿ, ಜಗತ್ತಿನಾದ್ಯಂತ 1 ಕೋಟಿ 10 ಲಕ್ಷ ಕಾರುಗಳಲ್ಲಿ ಇಂಥ ಎಂಜಿನ್ ಇದೆ ಎಂದು ಕಂಪನಿಯೇ ಹೇಳಿತು. ಮರುದಿನ ಅದರ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು.

ಮೋಸದ ಕೀಲಿ ಎಲ್ಲಿತ್ತು? ಪರೀಕ್ಷಾ ಕೇಂದ್ರದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಗಾಲಿ ತಿರುಗುತ್ತದೆ, ಸ್ಟೇರಿಂಗ್ ಅಲ್ಲಾಡುವುದಿಲ್ಲ, ವೇಗ ಒಂದು ನಿಗದಿಯಾದ ಲೆಕ್ಕದಲ್ಲಿ ಏರಿಳಿಯುತ್ತದೆ. ಕಾರಿನೊಳಗಿನ ಕಂಪ್ಯೂಟರ್ ಇದನ್ನೆಲ್ಲ ನೋಡಿ 'ಓಹೋ, ಪರೀಕ್ಷೆ ನಡೆದಿದೆ' ಎಂದು ಗುರುತಿಸಿ ಹೊಗೆ ಶುದ್ಧಮಾಡುವ ವ್ಯವಸ್ಥೆಯನ್ನು ಪೂರ್ತಿ ಚಾಲೂ ಮಾಡುತ್ತಿತ್ತು. ಕಾರು ರಸ್ತೆಗಿಳಿದು ಸ್ಟೇರಿಂಗ್ ತಿರುಗಿದ ಮೇಲೆ ಆ ವ್ಯವಸ್ಥೆ ಅರೆಬರೆ. ತಡಸದ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಸ್ಟೇರಿಂಗ್ ತಿರುಗಿಸದೆ ಎಷ್ಟು ದೂರ ಹೋದೀತು ಸ್ವಾಮಿ?

ಈ ನೈಟ್ರೋಜನ್ ಆಕ್ಸೈಡ್ ಕಣ್ಣಿಗೆ ಕಾಣುವ ಕಪ್ಪು ಹೊಗೆಯಲ್ಲ. ಶ್ವಾಸಕೋಶವನ್ನು ಕೆರಳಿಸುತ್ತದೆ, ದಮ್ಮು ಇದ್ದವರಿಗೆ ದಮ್ಮು ಹೆಚ್ಚಿಸುತ್ತದೆ, ಬಿಸಿಲಿಗೆ ಸಿಕ್ಕಿ ಇನ್ನಷ್ಟು ಕೆಟ್ಟ ಗಾಳಿಯಾಗುತ್ತದೆ. ಕಾಣದ್ದಕ್ಕೆ ಬೈಯುವವರೂ ಇಲ್ಲ.

ಬೆಂಗಳೂರಿನ ಹುಡುಗನ ಕೈ

ಈ ಮಹಾ ಮೋಸವನ್ನು ಬಯಲಿಗೆಳೆದವರಲ್ಲಿ ನಮ್ಮ ಬೆಂಗಳೂರಿನವರೊಬ್ಬರಿದ್ದರು ಎಂಬುದು ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಕಾರ್ಡರ್ ಎಂಬವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹೇಮಂತ್ ಕಪ್ಪಣ್ಣ ಅವರು. ಜೊತೆಗೆ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್. ಇವರ ತಂಡ ಕಾರಿನ ಡಿಕ್ಕಿಯಲ್ಲಿ ಹೊಗೆ ಅಳೆಯುವ ಯಂತ್ರ, ಅದಕ್ಕೆ ಕರೆಂಟು ಕೊಡಲು ಜನರೇಟರು ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿತು. ಒಂದು ಕಾರನ್ನು ಲಾಸ್ ಏಂಜಲೀಸಿನಿಂದ ಸಿಯಾಟಲ್‌ವರೆಗೂ ಓಡಿಸಿದರು. ಪರೀಕ್ಷಾ ಕೇಂದ್ರದಲ್ಲಿ ಸಾಧುವಾಗಿದ್ದ ಕಾರು ರಸ್ತೆಯಲ್ಲಿ ಬೇರೆಯೇ ಆಗಿತ್ತು. 2014ರಲ್ಲಿ ಅವರ ವರದಿ ಹೊರಬಂತು. ಅದರ ಜಾಡು ಹಿಡಿದೇ ಸರಕಾರಿ ಇಲಾಖೆಗಳು ಕಂಪನಿಯ ಬಾಯಿ ಬಿಡಿಸಿದ್ದು.

ಕಪ್ಪಣ್ಣನವರು ಮುಂದೆ ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ್ದು ಜನರಲ್ ಮೋಟಾರ್ಸ್ ಕಂಪನಿಗೆ. 2019ರ ಫೆಬ್ರವರಿಯಲ್ಲಿ ಆ ಕಂಪನಿ ಸುಮಾರು 4,000 ಜನರನ್ನು ಕೆಲಸದಿಂದ ತೆಗೆದಾಗ ಅವರ ಹೆಸರೂ ಆ ಪಟ್ಟಿಯಲ್ಲಿತ್ತು. ಅದೇ ವರ್ಷ ಅವರು ಬೆಂಗಳೂರಿಗೆ ವಾಪಸಾದರು.

ಅಲ್ಲಿ ಡಾಲರು, ಇಲ್ಲಿ ಸಾಫ್ಟ್‌ವೇರು

ಈಗ ಗಾಡಿ ಮಾಲೀಕರ ಮಾತಿಗೆ ಬರೋಣ. ಅಮೆರಿಕದ ಮಾಲೀಕರು ಒಟ್ಟಾಗಿ ಕೋರ್ಟು ಹತ್ತಿದರು. 2016ರ ಒಪ್ಪಂದದಂತೆ ಕಂಪನಿ ಅಲ್ಲಿನ ಕಾರುಗಳನ್ನು ವಾಪಸು ಕೊಳ್ಳಬೇಕಾಯಿತು ಅಥವಾ ಸರಿಮಾಡಿ ಕೊಡಬೇಕಾಯಿತು. ಮೇಲೆ ಒಬ್ಬೊಬ್ಬ ಮಾಲೀಕನಿಗೆ ಹೆಚ್ಚುಕಡಿಮೆ 5,100ರಿಂದ 10,000 ಡಾಲರ್ ಪರಿಹಾರ. ಜರ್ಮನಿಯಲ್ಲಿ 2020ರಲ್ಲಿ ತಲಾ 1,350ರಿಂದ 6,257 ಯೂರೊ. ಇಂಗ್ಲೆಂಡಿನಲ್ಲಿ 2022ರಲ್ಲಿ ಸುಮಾರು 91,000 ಮಾಲೀಕರಿಗೆ ಒಟ್ಟು 19 ಕೋಟಿ 30 ಲಕ್ಷ ಪೌಂಡ್.

ಭಾರತದಲ್ಲಿ? ಪುಣೆಯ ಎಆರ್‌ಎಐ ಸಂಸ್ಥೆ ಪರೀಕ್ಷೆ ಮಾಡಿತು. 2015ರ ಡಿಸೆಂಬರ್ 1ರಂದು ಕಂಪನಿ 3,23,700 ಡೀಸೆಲ್ ಕಾರುಗಳನ್ನು ವಾಪಸು ಕರೆಯುವುದಾಗಿ ಹೇಳಿತು. ಫೋಕ್ಸ್‌ವ್ಯಾಗನ್ 1,98,500, ಸ್ಕೋಡಾ 88,700, ಆಡಿ 36,500. ಇದು ನಾವಾಗಿಯೇ ಮಾಡುತ್ತಿರುವ ಕೆಲಸ, ರಸ್ತೆ ಮೇಲಿನ ಹೊಗೆಗೆ ಭಾರತದಲ್ಲಿ ನಿಯಮವೇ ಇಲ್ಲ, ಹಾಗಾಗಿ ನಿಯಮ ಮುರಿದಿಲ್ಲ ಎಂಬುದು ಕಂಪನಿಯ ವಾದ. ಮಾಲೀಕನಿಗೆ ಸಿಕ್ಕಿದ್ದು ವರ್ಕ್‌ಶಾಪಿನಲ್ಲಿ ಪುಕ್ಕಟೆ ಸಾಫ್ಟ್‌ವೇರ್ ಬದಲಾವಣೆ. ನಗದು ಪರಿಹಾರ ಇರಲಿಲ್ಲ.

ಅಲ್ಲಿನವರ ಕಾರೂ ಕಾರೇ, ಇಲ್ಲಿನವರ ಕಾರೂ ಕಾರೇ. ಅಲ್ಲಿನವರ ದುಡ್ಡು ದುಡ್ಡು, ಇಲ್ಲಿನವರದು ಹುಣಸೆ ಬೀಜವೇ?

ಡೀಸೆಲ್ ಗಾಡಿ ಇಟ್ಟವರ ಚಿಂತೆ ಎಲ್ಲ ಕಡೆ ಒಂದೇ ನಮೂನೆ. ಸಾಫ್ಟ್‌ವೇರ್ ಬದಲಿಸಿದರೆ ಮೈಲೇಜು ಇಳಿದೀತೇನು? ಘಟ್ಟ ಹತ್ತುವಾಗ ಎಳೆತ ಕಮ್ಮಿಯಾದೀತೇನು? ನಾಳೆ ಮಾರಾಕ ಹೋದ್ರ ರೇಟು ಬರ್ತದೇನ್ರಿ? ಗಾಳಿಯ ಮಾತು ಬಹುತೇಕ ಕೊನೆಗೆ ಬರುತ್ತದೆ. ಅದರಲ್ಲಿ ತಪ್ಪು ಹುಡುಕುವುದು ಸುಲಭ. ಆದರೆ ಡೀಸೆಲ್ ಗಾಡಿ ಕೊಂಡವನು ಕೊಂಡದ್ದೇ ಲೆಕ್ಕಾಚಾರದಿಂದ. 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರ ಸರಕಾರದ ಹಿಡಿತದಲ್ಲಿತ್ತು, ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಒಂದು ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚುಕಡಿಮೆಯಾದರೆ ಬಾಡಿಗೆ ಗಾಡಿಯವನ ತಿಂಗಳ ಕಂತೇ ತಪ್ಪುತ್ತದೆ. ಮೈಲೇಜು ಜೋರಾಗಿದ್ದದ್ದು ಹೊಗೆಯ ಲೆಕ್ಕ ತಪ್ಪಿಸಿದ್ದರಿಂದಲೋ ಎಂಬ ಸಂಶಯ ಹುಟ್ಟಿಸಿದವನು ಅವನಲ್ಲವಲ್ಲ.

ದಂಡದ ಕಥೆಯೂ ಕೇಳುವಂಥದ್ದೇ. ಒಬ್ಬ ಶಾಲಾ ಶಿಕ್ಷಕಿ ಮತ್ತು ಇತರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ತಜ್ಞರ ಸಮಿತಿ ದೆಹಲಿಯೊಂದರಲ್ಲೇ ಜನರ ಆರೋಗ್ಯಕ್ಕಾದ ನಷ್ಟ 171.34 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. 2019ರ ಮಾರ್ಚ್ 7ರಂದು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿತು. ಎರಡೇ ತಿಂಗಳಲ್ಲಿ, ಮೇ 6ರಂದು, ಕಂಪನಿಯ ಮೇಲೆ ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಮುಂದೆ ಉತ್ತರ ಪ್ರದೇಶದ ಮಾಲೀಕರೊಬ್ಬರ ದೂರಿನ ಮೇಲಿನ ಪೊಲೀಸ್ ಕೇಸು ರದ್ದುಮಾಡಲು 2020ರ ನವೆಂಬರಿನಲ್ಲಿ ಅದೇ ಕೋರ್ಟು ಒಪ್ಪಲಿಲ್ಲ. ಒಬ್ಬ ಮಾಲೀಕ ಗಟ್ಟಿಯಾಗಿ ನಿಂತರೆ ಕೇಸು ಅಷ್ಟು ಬೇಗ ಸಾಯುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಹೊಗೆ ಚೀಟಿ ಏನು ಹೇಳುತ್ತದೆ?

ಗಾಡಿ ಇದ್ದವರ ಹತ್ತಿರ ಹೊಗೆ ತಪಾಸಣೆ ಚೀಟಿ ಇರಲೇಬೇಕು. ಬಿಎಸ್ 4 ಗಾಡಿಗೆ ವರ್ಷಕ್ಕೊಮ್ಮೆ, ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ಪೊಲೀಸರು ಅಡ್ಡಹಾಕಿದಾಗ ತೋರಿಸದಿದ್ದರೆ ದಂಡ ಖಾತ್ರಿ. ಆದರೆ ಆ ಚೀಟಿ ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನು ಮಾತ್ರ. ನಿಂತ ಗಾಡಿಯ ಆಕ್ಸಿಲರೇಟರ್ ಒತ್ತಿ, ಸೈಲೆನ್ಸರಿಗೆ ಕೊಳವೆ ಇಟ್ಟರೆ ಮುಗಿಯಿತು. ನೈಟ್ರೋಜನ್ ಆಕ್ಸೈಡಿನ ಲೆಕ್ಕ ಅದರಲ್ಲಿ ಇಲ್ಲ.

ಅಂದರೆ ಲಕ್ಷಾಂತರ ಮಾಲೀಕರು ನಿಯಮದಂತೆ ಚೀಟಿ ಮಾಡಿಸಿ ಜೇಬಲ್ಲಿಟ್ಟುಕೊಂಡೇ ಓಡಾಡಿದರು. ಚೀಟಿ ಅಸಲಿ, ಮಾಲೀಕ ಪ್ರಾಮಾಣಿಕ, ಗಾಡಿಯೊಳಗಿನ ಲೆಕ್ಕ ಮಾತ್ರ ಖೊಟ್ಟಿ. ಚೀಟಿ ತಪ್ಪಿದ ಟೆಂಪೋದವನಿಗೆ ರಸ್ತೆಯಲ್ಲೇ ದಂಡ, ಲಕ್ಷ ಗಾಡಿಗಳ ಲೆಕ್ಕ ತಪ್ಪಿಸಿದವರಿಗೆ ವರ್ಷಗಟ್ಟಲೆ ವಿಚಾರಣೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದದ್ದು ಇದಕ್ಕೇ.

ಕಾನೂನು ಎಚ್ಚೆತ್ತಿತು, ತಡವಾಗಿ

ಏನೂ ಬದಲಾಗಲಿಲ್ಲ ಎಂದರೆ ತಪ್ಪಾದೀತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 110-ಎ ಎಂಬ ಹೊಸ ಕಲಮು ಸೇರಿತು. ಪರಿಸರಕ್ಕೆ ಅಥವಾ ಜನರಿಗೆ ಹಾನಿಮಾಡುವ ದೋಷವಿದ್ದರೆ ಗಾಡಿಗಳನ್ನು ವಾಪಸು ಕರೆಯುವಂತೆ ಕೇಂದ್ರ ಸರಕಾರ ಈಗ ಕಂಪನಿಗೆ ಹುಕುಂ ಮಾಡಬಹುದು. ಆಗ ಕಂಪನಿ ಪೂರ್ತಿ ಬೆಲೆ ವಾಪಸು ಕೊಡಬೇಕು, ಇಲ್ಲವೇ ಬೇರೆ ಗಾಡಿ ಕೊಡಬೇಕು, ಅಥವಾ ಸರಿಮಾಡಿ ಕೊಡಬೇಕು. ಹುಕುಂ ಮೀರಿದರೆ 100 ಕೋಟಿ ರೂಪಾಯಿವರೆಗೆ ದಂಡ. ಈ ವ್ಯವಸ್ಥೆ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಆದರೆ ಕಂಪನಿ ತಾನಾಗಿಯೇ ದೋಷ ಹೇಳಿ ಗಾಡಿ ವಾಪಸು ಕರೆದರೆ ದಂಡದಿಂದ ಪಾರಾಗುವ ಬಾಗಿಲೂ ಅದೇ ಕಾನೂನಿನಲ್ಲಿದೆ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. 2023ರ ಏಪ್ರಿಲ್‌ನಿಂದ ಬಿಎಸ್ 6ರ ಎರಡನೇ ಹಂತದಲ್ಲಿ ಹೊಸ ಮಾದರಿಯ ಕಾರುಗಳನ್ನು ಪರೀಕ್ಷಾ ಕೇಂದ್ರದ ಜೊತೆಗೆ ನಿಜವಾದ ರಸ್ತೆಯಲ್ಲೂ ಓಡಿಸಿ ಹೊಗೆ ಅಳೆಯುವ ನಿಯಮ ಬಂದಿದೆ. ಕಪ್ಪಣ್ಣನವರ ತಂಡ ಡಿಕ್ಕಿಯಲ್ಲಿ ಜನರೇಟರು ಹೇರಿ ಮಾಡಿದ ಕೆಲಸವೇ ಈಗ ಕಾನೂನಾಗಿದೆ ಅನ್ನಿ. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಯೂ ಬಿಎಸ್ 4ರಲ್ಲಿ ಕಿಲೋಮೀಟರಿಗೆ 0.25 ಗ್ರಾಂ ಇದ್ದದ್ದು ಬಿಎಸ್ 6ರಲ್ಲಿ 0.08ಕ್ಕೆ ಇಳಿದಿದೆ.

ಹಳೆಯ ಗಾಡಿ ಕೊಳ್ಳುವವರಿಗೆ

ಆ ಹಳೆಯ ಕಾರುಗಳು ಮಾಯವಾಗಿಲ್ಲ. ಕೈಯಿಂದ ಕೈಗೆ ದಾಟುತ್ತ ದೊಡ್ಡ ಊರಿನಿಂದ ಸಣ್ಣ ಊರಿಗೆ ಬರುವುದು ಎಲ್ಲ ಹಳೆಯ ಗಾಡಿಗಳ ಹಣೆಬರಹ. 2008ರಿಂದ 2015ರ ನವೆಂಬರ್‌ವರೆಗೆ ತಯಾರಾದ ಈ ಕಂಪನಿಗಳ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಹೊರಟವರು ಮೊದಲು ಷಾಸಿ ನಂಬರು ಬರೆದುಕೊಂಡು, ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ 'ವಾಪಸು ಕರೆದ ಕೆಲಸ ಈ ಗಾಡಿಗೆ ಆಗಿದೆಯೇ' ಎಂದು ಕೇಳುವುದು ಲೇಸು. ಕೇಳಲಿಕ್ಕೆ ಖರ್ಚಿಲ್ಲ. ವರ್ಕ್‌ಶಾಪಿನವರು ಕೊಟ್ಟ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಡುವುದೂ ಅಷ್ಟೇ ಮುಖ್ಯ. ಕೋರ್ಟಿಗಾದರೂ ಗ್ರಾಹಕರ ವೇದಿಕೆಗಾದರೂ ಕಾಗದ ಬೇಕು, ಬಾಯಿಮಾತು ನಡೆಯದು.

ಸಂಜೆ ಹೊತ್ತಿನಲ್ಲಿ ಬಸ್ ನಿಲ್ದಾಣದ ಎದುರು ಗಾಡಿಗಳು ಎಂಜಿನ್ ಆರಿಸದೆ ನಿಂತಿರುತ್ತವೆ. ಹಿಂದೆ ನಿಂತ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿಯುತ್ತಾಳೆ, ಶಾಲೆ ಬಿಟ್ಟ ಹುಡುಗ ಕೆಮ್ಮುತ್ತಾನೆ. ಇವರು ಕಾರು ಕೊಂಡವರಲ್ಲ, ಮಾರಿದವರೂ ಅಲ್ಲ. ಪರಿಹಾರದ ಯಾವ ಪಟ್ಟಿಯಲ್ಲೂ ಇವರ ಹೆಸರಿಲ್ಲ. ಕಡಿಮೆ ತೂಕದ ಕಲ್ಲಿನ ನಷ್ಟ ಮನೆಗೆ ಹೋಗಿ ಮತ್ತೊಮ್ಮೆ ತೂಗಿದರೆ ಗೊತ್ತಾಗುತ್ತದೆ. ಒಳಗೆ ಹೋದ ಗಾಳಿಯನ್ನು ತೂಗಿ ವಾಪಸು ಕೊಡುವ ತಕ್ಕಡಿ ಯಾವ ಅಂಗಡಿಯಲ್ಲೂ ಇಲ್ಲ.