ಹುಲಿ-ಕುರಿ ಆಟಕ್ಕೆ ಯಾವ ಪಟ?

ಜಗಳೂರಿನಲ್ಲಾಗಲಿ ಚನ್ನಗಿರಿಯಲ್ಲಾಗಲಿ, ಗೆಳೆಯರಿಬ್ಬರು ಜಗಲಿಯ ಮೇಲೆ ಸೀಮೆಸುಣ್ಣದಿಂದ ಹುಲಿ-ಕುರಿ ಆಟದ ಪಟವನ್ನು ಬರೆಯಹೊರಟರೆಂದು ಭಾವಿಸೋಣ. ಯಾವುದನ್ನು ಬರೆಯಬೇಕು?

ಈ ಕಾಳಗದಲ್ಲಿ ಹುಲಿಯು ಕುರಿಯನ್ನು ಹಾರಿ ಆಚೆಯ ಬರಿದಾದ ಮನೆಗೆ ಇಳಿದರೆ ಕುರಿ ಸತ್ತಿತು. ಹುಲಿಗಳು ಅಲುಗದಂತೆ ಸುತ್ತುಗಟ್ಟಿದರೆ ಕುರಿಗಳಿಗೆ ಗೆಲುವು. ದಕ್ಷಿಣ ಭಾರತದ ತ್ರಿಕೋನ ಪಟದಲ್ಲಿ 23 ಮನೆ, 3 ಹುಲಿ, 15 ಕುರಿ. ನೇಪಾಳದ ಚೌಕ ಪಟದಲ್ಲಿ 25 ಮನೆ, 4 ಹುಲಿ, 20 ಕುರಿ. ಎರಡರಲ್ಲಿಯೂ ಹುಲಿಯೊಂದಕ್ಕೆ 5 ಕುರಿಗಳೇ! ಹಾಗಾದರೆ ಭೇದವೆಲ್ಲಿ?

ಬರಿದಾದ ಮನೆಗಳಲ್ಲಿ. ಕುರಿಗಳೆಲ್ಲವೂ ಸಾಯದೆ ಇಳಿದರೆ ತ್ರಿಕೋನದಲ್ಲಿ 5 ಮನೆಗಳು ಉಳಿಯುತ್ತವೆ; ಚೌಕದಲ್ಲಿ ಒಂದೇ. ಒಂದು ಕುರಿ ಸತ್ತರೆ ಅಲ್ಲಿ 5 ಆರಾಗುವುದು, ಇಲ್ಲಿ 1 ಎರಡಾಗುವುದು. ಎಂದರೆ ಹುಲಿಯ ಅವಕಾಶವೇ ಇಮ್ಮಡಿ. ಆದುದರಿಂದ ಹೊಸಬರು ತ್ರಿಕೋನವನ್ನೂ ಪಳಗಿದವರು ಚೌಕವನ್ನೂ ಆರಿಸುವುದು ಲೇಸು. ಎರಡನ್ನೂ ಆಡಿ, ಈ ಎಣಿಕೆಯನ್ನು ನೀವೇ ಪರೀಕ್ಷಿಸಿರಿ.