ತೆರಿಯಾಕಿ ಸಾಲ್ಮನ್

ತೆರಿಯಾಕಿ ಸಾಲ್ಮನ್ ಎಂಬುದು ಸೋಯಾ ಸಾಸ್ ಮತ್ತು ಸಕ್ಕರೆ ಬೆರೆತ ಪಾಕವನ್ನು ಲೇಪಿಸಿ, ಹೊಳಪು ಬರುವಂತೆ ಬೇಯಿಸಿದ ಸಾಲ್ಮನ್ ಮೀನಿನ ಖಾದ್ಯ. ಇದು ಜಪಾನಿನ ಪಾಕಪದ್ಧತಿಗೆ ಸೇರಿದ್ದು, ಇಂದು ಇತರ ದೇಶಗಳ ಮನೆಗಳಲ್ಲಿಯೂ ತಯಾರಾಗುತ್ತದೆ. ಜಪಾನೀ ಭಾಷೆಯಲ್ಲಿ 'ತೆರಿ' ಎಂದರೆ ಹೊಳಪು. 'ಯಾಕಿ' ಎಂದರೆ ಸುಟ್ಟದ್ದು ಅಥವಾ ಹುರಿದದ್ದು. ಹೆಸರೇ ಸೂಚಿಸುವಂತೆ ಮೇಲ್ಪದರದ ಪಾಕವೇ ಈ ಖಾದ್ಯದ ಮುಖ್ಯ ಲಕ್ಷಣ. ಬೇಯಿಸುವ ಕ್ರಮವನ್ನೂ ಜೊತೆಗೆ ಬಡಿಸುವ ವೈನಿನ ಆಯ್ಕೆಯನ್ನೂ ಬಹುಮಟ್ಟಿಗೆ ಅದು ನಿರ್ಧರಿಸುತ್ತದೆ.

ಮೀನು

ಜಪಾನಿನಲ್ಲಿ ತೆರಿಯಾಕಿಗೆ 'ಬುರಿ' ಎಂಬ ಕೊಬ್ಬಿನಂಶವುಳ್ಳ ಮೀನನ್ನು ಸಾಂಪ್ರದಾಯಿಕವಾಗಿ ಬಳಸಲಾಗುತ್ತದೆ. ಸಾಲ್ಮನ್ ಕೂಡ ಕೊಬ್ಬುಳ್ಳ ಮೀನಾದುದರಿಂದ ಈ ವಿಧಾನಕ್ಕೆ ಹೊಂದುತ್ತದೆ. ಅದರ ಮಾಂಸದ ಕಿತ್ತಳೆ ಬಣ್ಣಕ್ಕೆ ಆಸ್ಟಾಜಾಂತಿನ್ ಎಂಬ ವರ್ಣದ್ರವ್ಯವು ಕಾರಣ.

ಪಾಕ

ಸೋಯಾ ಸಾಸ್, ಮಿರಿನ್ (ಅಕ್ಕಿಯಿಂದ ತಯಾರಾದ ಸಿಹಿ ಮದ್ಯ), ಸಾಕೆ (ಅಕ್ಕಿಯ ಮದ್ಯ) ಮತ್ತು ಸಕ್ಕರೆ ಇದರ ಘಟಕಗಳು. ಸುಮಾರು 150 ಗ್ರಾಂ ತೂಕದ ಎರಡು ತುಂಡುಗಳಿಗೆ ಮೊದಲ ಮೂರನ್ನು ತಲಾ 2 ದೊಡ್ಡ ಚಮಚ, ಸಕ್ಕರೆಯನ್ನು 1 ದೊಡ್ಡ ಚಮಚ ಬಳಸಬಹುದು. ಕುದಿಸಿದಾಗ ನೀರು ಮತ್ತು ಮದ್ಯಸಾರದ ಹೆಚ್ಚಿನ ಭಾಗ ಆವಿಯಾಗಿ, ಸಕ್ಕರೆಯು ಸಾಂದ್ರಗೊಂಡು ಪಾಕವು ಮೀನಿಗೆ ಅಂಟಿಕೊಳ್ಳುತ್ತದೆ. ಸೋಯಾ ಸಾಸಿನಲ್ಲಿ ಉಪ್ಪು ಅಧಿಕವಾಗಿರುವುದರಿಂದ ಪ್ರತ್ಯೇಕವಾಗಿ ಉಪ್ಪು ಸೇರಿಸುವುದಿಲ್ಲ.

ತಯಾರಿಸುವ ವಿಧಾನ

ಮೀನಿನ ತೇವವನ್ನು ಒರೆಸಿ, ಸ್ವಲ್ಪ ಎಣ್ಣೆ ಹಾಕಿದ ಬಾಣಲೆಯಲ್ಲಿ ಚರ್ಮದ ಭಾಗವನ್ನು ಕೆಳಗಿರಿಸಿ ಮಧ್ಯಮ ಉರಿಯಲ್ಲಿ ಬೇಯಿಸಲಾಗುತ್ತದೆ. ಚರ್ಮವು ಗರಿಗರಿಯಾದ ಬಳಿಕ ತುಂಡನ್ನು ಮಗುಚಲಾಗುತ್ತದೆ. ಮೀನು ಬಹುತೇಕ ಬೆಂದಾಗ ಅದನ್ನು ಹೊರತೆಗೆದು, ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಒರೆಸಲಾಗುತ್ತದೆ. ಕೊಬ್ಬು ಹೆಚ್ಚಾಗಿದ್ದರೆ ಪಾಕವು ಮೀನಿಗೆ ಅಂಟುವುದಿಲ್ಲ. ನಂತರ ಪಾಕದ ಘಟಕಗಳನ್ನು ಸುರಿದು ಕುದಿಸಿ, ಗುಳ್ಳೆಗಳು ದಪ್ಪಗಾದಾಗ ಮೀನನ್ನು ಮರಳಿ ಇರಿಸಿ, ಪಾಕವನ್ನು ಚಮಚದಿಂದ ಅದರ ಮೇಲೆ ಹಲವು ಬಾರಿ ಎರೆಯಲಾಗುತ್ತದೆ.

ಪಾಕವನ್ನು ಕೊನೆಯಲ್ಲಿ ಸೇರಿಸುವುದಕ್ಕೆ ಕಾರಣವಿದೆ. ಮೊದಲೇ ಸೇರಿಸಿದರೆ ಮೀನಿನ ಒಳಭಾಗ ಬೇಯುವ ಮುನ್ನವೇ ಸಕ್ಕರೆಯು ಸೀದು ಕಹಿಯಾಗುತ್ತದೆ. ಮೀನು ಅತಿಯಾಗಿ ಬೆಂದರೆ ಬಿಳಿಯ ಪ್ರೋಟೀನು ಹೊರಸೂಸಿ, ಮಾಂಸವು ಒಣಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೀನಿನ ಒಳಭಾಗಕ್ಕೆ 63 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ಸೂಚಿಸುತ್ತದೆ. ಆ ಹಂತದಲ್ಲಿ ಮಾಂಸವು ಪಾರದರ್ಶಕತೆಯನ್ನು ಕಳೆದುಕೊಂಡು, ಮುಳ್ಳುಚಮಚ ತಾಗಿಸಿದರೆ ಪದರುಪದರಾಗಿ ಬಿಡಿಸಿಕೊಳ್ಳುತ್ತದೆ.

ವೈನಿನ ಹೊಂದಾಣಿಕೆ

ಮೀನಿಗೆ ಬಿಳಿ ವೈನ್ ಮಾತ್ರ ಸಲ್ಲುತ್ತದೆ ಎಂಬುದು ರೂಢಿಯ ಮಾತು. ಕೆಲವು ಕೆಂಪು ವೈನುಗಳೊಂದಿಗೆ ಕಡಲಾಹಾರ ಸೇವಿಸಿದಾಗ ಬಾಯಲ್ಲಿ ಹಸಿಮೀನಿನ ವಾಸನೆ ಉಳಿಯುವುದು ಇದಕ್ಕೆ ಒಂದು ಕಾರಣ. 2009ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವು ಈ ವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶವನ್ನು ಮುಖ್ಯ ಕಾರಣವೆಂದು ಗುರುತಿಸಿತು. ಕಬ್ಬಿಣದ ಪ್ರಮಾಣವು ವೈನಿನಿಂದ ವೈನಿಗೆ ಬದಲಾಗುವುದರಿಂದ ಎಲ್ಲ ಕೆಂಪು ವೈನುಗಳೂ ಒಂದೇ ರೀತಿ ವರ್ತಿಸುವುದಿಲ್ಲ.

ತೆರಿಯಾಕಿಯಲ್ಲಿ ಪಾಕದ ಸಿಹಿಯೂ ಗಣನೆಗೆ ಬರುತ್ತದೆ. ಸಿಹಿ ಆಹಾರದೊಡನೆ ಸಿಹಿಯಿಲ್ಲದ ವೈನ್ ಹೆಚ್ಚು ಹುಳಿಯಾಗಿ, ಕೆಲವೊಮ್ಮೆ ಕಹಿಯಾಗಿ ತೋರುತ್ತದೆ. ಆದ್ದರಿಂದ ತುಸು ಸಿಹಿಯುಳ್ಳ, ಆಮ್ಲೀಯತೆ ಹೆಚ್ಚಿರುವ ಜರ್ಮನಿಯ ಮೋಸೆಲ್ ಪ್ರದೇಶದ ರೀಸ್ಲಿಂಗ್ ಇದಕ್ಕೆ ಒಗ್ಗುತ್ತದೆ: ಅದರ ಸಿಹಿಯು ಪಾಕಕ್ಕೆ ಸರಿದೂಗಿದರೆ, ಹುಳಿಯು ಮೀನಿನ ಕೊಬ್ಬಿನ ಜಿಡ್ಡನ್ನು ತಗ್ಗಿಸುತ್ತದೆ. ಕೆಂಪು ವೈನುಗಳಲ್ಲಿ ಟ್ಯಾನಿನ್ ಕಡಿಮೆಯಿರುವ ಪಿನೋ ನ್ವಾರ್ ಅನ್ನು ಸ್ವಲ್ಪ ತಂಪಾಗಿಸಿ ಬಡಿಸುವುದುಂಟು. ಟ್ಯಾನಿನ್ ಹೆಚ್ಚಿರುವ ಕ್ಯಾಬರ್ನೆ ಸೊವಿನ್ಯೋನ್‌ನಂತಹ ವೈನುಗಳ ಒಗರು ಈ ಖಾದ್ಯದೊಡನೆ ಇನ್ನಷ್ಟು ಎದ್ದು ಕಾಣುವುದರಿಂದ ಅವನ್ನು ಸಾಮಾನ್ಯವಾಗಿ ಆಯ್ದುಕೊಳ್ಳುವುದಿಲ್ಲ.