ಶೂನ್ಯದ ಕೆಳಗೊಂದು ಪರೀಕ್ಷೆ

ಗಣಕಯಂತ್ರಕ್ಕೂ ಮೈ ಬಿಸಿಯಾಗುವುದುಂಟು. ಆ ಶಾಖವನ್ನು ಅಳೆಯುವ ಪುಟ್ಟ ಸಾಧನವೇ ಸೆನ್ಸರು. ಅದರ ಅಳತೆಯನ್ನು ಯಂತ್ರದ ಆಡಳಿತ ನಡೆಸುವ ಕರ್ನಲ್ಲಿಗೆ ಒಪ್ಪಿಸುವ ಬರಹವೇ ಡ್ರೈವರು. 1991ರಲ್ಲಿ ಹುಟ್ಟಿದ ಲಿನಕ್ಸ್ ಕರ್ನಲ್ಲಿಗೆ ಹೊಸ ಡ್ರೈವರನ್ನು ಸೇರಿಸುವ ಮೊದಲು ಇತರರು ಅದನ್ನು ಪರಿಶೀಲಿಸುತ್ತಾರೆ.

ಪರಿಶೀಲಕನು ನೋಡುವುದೇನು? ಮೊದಲನೆಯದು ಮಾನ: ಅಲ್ಲಿ ಲೆಕ್ಕ ಡಿಗ್ರಿಯ ಸಾವಿರದ ಒಂದಂಶದಲ್ಲಿ, 25 ಡಿಗ್ರಿಯೆಂದರೆ 25000. ಎರಡನೆಯದು ಚಿಹ್ನೆ. ಎಲ್‌ಎಂ75 ಎಂಬ ಸೆನ್ಸರು 9 ಬಿಟ್ಟುಗಳಲ್ಲಿ ಅರ್ಧರ್ಧ ಡಿಗ್ರಿಯಾಗಿ ಎಣಿಸುತ್ತದೆ. ಮೊದಲ ಬಿಟ್ಟು 1 ಆದರೆ ಅದು ಋಣಸಂಖ್ಯೆ. ಶೂನ್ಯಕ್ಕಿಂತ ಅರ್ಧ ಡಿಗ್ರಿ ಕೆಳಗಿಳಿದಾಗ ಒಂಬತ್ತೂ ಬಿಟ್ಟುಗಳು 1. ಚಿಹ್ನೆಯನ್ನು ಮರೆತ ಡ್ರೈವರು ಅದನ್ನು 511 ಎಂದೋದಿ, 255.5 ಡಿಗ್ರಿಯೆಂದು ಸಾರುತ್ತದೆ! ಬೆಚ್ಚನೆಯ ಕೋಣೆಯಲ್ಲಿ ಈ ದೋಷ ಕಾಣದು; ಚಳಿಯಲ್ಲಿಟ್ಟ ಯಂತ್ರವೋ ಬೆಂದೆನೆಂದು ಬಗೆದು ನಿಂತೇಬಿಡಬಹುದು.

ತನ್ನ ಬೆನ್ನು ತನಗೆ ಕಾಣದು. ಪರರ ಕಣ್ಣು ಬೇಕಾಗುವುದು ಅದಕ್ಕೇ.